ಕೆಂಪಾದದ್ದು ಗೋಡೆಯಲ್ಲ, ನೋಟ

ಕೃಷ್ಣಾ, ಮಕ್ತಲ್ ಭಾಗದ ನಮ್ಮ ಕನ್ನಡ ಮಾಧ್ಯಮದ ಮಕ್ಕಳು ಮುಂದೆ ಸಿವಿಲ್ ಡಿಪ್ಲೊಮಾ ಸೇರಿದರೆ, ಕಟ್ಟಡ ವಿನ್ಯಾಸದ ‘ರೆವಿಟ್’ ತಂತ್ರಾಂಶ ಎದುರಾಗಬಹುದು. ಆದೇಶಗಳು ಇಂಗ್ಲಿಷಿನವು, ತತ್ತ್ವವನ್ನು ಕನ್ನಡದಲ್ಲಿ ಗ್ರಹಿಸಿದವರಿಗೆ ಅಂಜಿಕೆ ಬೇಡ.

ಶಾಲೆಯ ನಕ್ಷೆಯಲ್ಲಿ ಕೆಡವಬೇಕಾದ ಒಂದೇ ಗೋಡೆಯನ್ನು ಕೆಂಪಾಗಿಸಬೇಕೆನ್ನೋಣ. ಗೋಡೆಯನ್ನು ಆಯ್ದು, ಮೌಸಿನ ಬಲಗುಂಡಿಯೊತ್ತಿ, ‘ಓವರ್‌ರೈಡ್ ಗ್ರಾಫಿಕ್ಸ್ ಇನ್ ವ್ಯೂ’ ಅಡಿಯಲ್ಲಿ ‘ಬೈ ಎಲಿಮೆಂಟ್’ ಆರಿಸಬೇಕು. (‘ಬೈ ಕೆಟಗರಿ’ ಆರಿಸಿದರೆ ಗೋಡೆಗಳೆಲ್ಲವೂ ಕೆಂಪಾದಾವು!) ನೆಲಮಹಡಿಯ ನಕ್ಷೆಯಲ್ಲಿ ಗೋಡೆ ಅಡ್ಡಲಾಗಿ ಕತ್ತರಿಸಿದಂತೆ ಕಾಣುವುದರಿಂದ, ಬಣ್ಣವನ್ನು ‘ಕಟ್ ಲೈನ್ಸ್’ನಲ್ಲಿಯೇ ಕೊಡತಕ್ಕದ್ದು.

ಈ ಬಣ್ಣ ಆ ಒಂದು ನೋಟಕ್ಕಷ್ಟೇ ಸೀಮಿತ. ಬೇರೊಂದು ನೋಟದ ಹಾಳೆ ಹಿಡಿದ ಮೇಸ್ತ್ರಿಗೆ ಅದೇ ಗೋಡೆ ಎಂದಿನಂತೆಯೇ ಕಾಣುತ್ತದೆ. ಆದ್ದರಿಂದ ಕೆಡವುವ ನಿರ್ಧಾರವನ್ನು ಗೋಡೆಯ ಗುಣಪಟ್ಟಿಯ ‘ಫೇಸ್ ಡೆಮಾಲಿಶ್ಡ್’ ಎಂಬಲ್ಲಿ ದಾಖಲಿಸುವುದೇ ಸರಿ.