ಮೀಟರ್ ಬೋರ್ಡಿಗೆ ಎಷ್ಟು ಬೆಳಕು ಸಾಕು?

ಡಿಸೆಂಬರ್ ಬಂತೆಂದರೆ ಸುಂಟಿಕೊಪ್ಪದ ಸುತ್ತಲಿನ ತೋಟಗಳಲ್ಲಿ ಅರೇಬಿಕಾ ಕೊಯ್ಲು ಭರದಿಂದ ನಡೆಯುತ್ತದೆ. ಆರು ಗಂಟೆಗೆಲ್ಲ ಹೊತ್ತು ಮುಳುಗುತ್ತದೆ. ಕೊಯ್ದ ಹಣ್ಣಿನ ತೂಕ ಮುಗಿದು, ಮೂಟೆ ಏರಿಸಿ, ಗಾಡಿ ಪಲ್ಪರ್ ಮನೆಯ ಕಡೆ ಹೊರಡುವಷ್ಟರಲ್ಲಿ ಮರಗಳ ಕೆಳಗೆ ಕತ್ತಲು ಕವಿದಿರುತ್ತದೆ. ಈ ಕೆಲಸಕ್ಕೆ ಹೊಸ ಗಾಡಿಗಳು ಬಂದಿವೆ. ಆದರೂ ಕೊಡಗಿನ ತೋಟದ ದಾರಿಗಳಲ್ಲಿ ಹಳೇ ಜೀಪುಗಳಿಗೂ ಹಿಂದೆ ಡೆಕ್ ಇರುವ ಪಿಕಪ್‌ಗಳಿಗೂ ಇನ್ನೂ ಮರ್ಯಾದೆ ಇದೆ. ಮಹೀಂದ್ರ ಕಂಪನಿ ವಿಲ್ಲಿಸ್ ಜೀಪುಗಳನ್ನು ಭಾರತದಲ್ಲಿ ಜೋಡಿಸತೊಡಗಿದ್ದು 1940ರ ದಶಕದ ಕೊನೆಗೆ. ಆ ಮನೆತನದ ಗಾಡಿಗಳು ಕೆಸರಿಗೂ ಏರಿಗೂ ಹೇಳಿ ಮಾಡಿಸಿದಂತಿದ್ದವು, ತೋಟದವರು ಅವನ್ನು ಬಿಟ್ಟುಕೊಡಲಿಲ್ಲ.

ಇಂಥ ಗಾಡಿಯ ಎಂಜಿನ್, ಗೇರ್‌ಬಾಕ್ಸ್, ಲೀಫ್ ಸ್ಪ್ರಿಂಗ್ ಎಲ್ಲವನ್ನೂ ರಿಪೇರಿ ಮಾಡಿಸಿದವರು ಕೊನೆಗೂ ಮರೆತುಬಿಡುವ ಒಂದು ಜಾಗ ಮೀಟರ್ ಬೋರ್ಡು. ಹಗಲಲ್ಲಿ ಎಲ್ಲ ಸರಿಯಾಗಿಯೇ ಕಾಣುತ್ತದೆ. ರಾತ್ರಿ ಮಾತ್ರ ಆಯಿಲ್ ಪ್ರೆಶರ್ ಎಷ್ಟಿದೆ, ಎಂಜಿನ್ ಎಷ್ಟು ಕಾದಿದೆ ಎಂದು ನೋಡಲು ಮೊಬೈಲ್ ಟಾರ್ಚ್ ಹಿಡಿಯಬೇಕು. ಏರಿನಲ್ಲಿ ಭಾರ ಎಳೆಯುವ ಹಳೇ ಎಂಜಿನ್‌ಗೆ ಈ ಎರಡು ಮುಳ್ಳುಗಳೇ ನಾಡಿ. ಅವು ಕತ್ತಲಲ್ಲಿ ಕಾಣದಿದ್ದರೆ ಎಂಜಿನ್ ಕೈಕೊಡುವ ತನಕ ತಿಳಿಯುವುದಿಲ್ಲ. ಈ ದೀಪಗಳನ್ನು ಮತ್ತೆ ಉರಿಸುವ ಕೆಲಸ ಆಟೋ ಎಲೆಕ್ಟ್ರಿಷಿಯನ್‌ನದು. ಹೆದ್ದಾರಿ ಬದಿಯ ಗ್ಯಾರೇಜುಗಳಲ್ಲಿ ಮೆಕ್ಯಾನಿಕ್‌ನ ನೆರಳಲ್ಲಿ ಉಳಿದುಹೋಗಿರುವ ಈ ಕಸುಬಿನ ನಯ ಗೊತ್ತಾಗಬೇಕಾದರೆ ಹಳೇ ಪಿಕಪ್ಪಿನ ಮೀಟರ್ ಬೋರ್ಡಿನ ಹಿಂದೆ ಒಮ್ಮೆ ಇಣುಕಬೇಕು.

ಅಲ್ಲಿ ಮೊದಲು ಕಾಣುವುದು ಮಳೆಗಾಲದ ಗುರುತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆರದ ತೇವದಲ್ಲಿ ತಾಮ್ರದ ಎಳೆಗಳು ಹಸಿರುಗಟ್ಟಿರುತ್ತವೆ, ಬಲ್ಬ್ ಹೋಲ್ಡರ್ ತುಕ್ಕು ಹಿಡಿದಿರುತ್ತದೆ, ಶೆಡ್ಡಿನ ಇಲಿಗಳು ವೈರಿನ ಮೈ ಕಡಿದಿರುತ್ತವೆ. ಬಲ್ಬ್ ಉರಿಯುತ್ತಿಲ್ಲ ಎಂದಾಗ ನೂರಕ್ಕೆ ನೂರು ಬಲ್ಬೇ ಸುಟ್ಟಿದೆ ಎಂದುಕೊಳ್ಳಬಾರದು. ಹಳೇ ಗಾಡಿಗಳಲ್ಲಿ ದೀಪಕ್ಕೆ ಒಂದೇ ವೈರ್ ಹೋಗುತ್ತದೆ, ವಾಪಸು ದಾರಿ ಗಾಡಿಯ ಕಬ್ಬಿಣದ ಮೈಯೇ. ಡ್ಯಾಶ್‌ಬೋರ್ಡಿಗೆ ಹೊಸ ಪೇಂಟ್ ಹೊಡೆಸಿದ ಮೇಲೆ ದೀಪ ಹೋಯಿತು ಎಂಬ ದೂರು ಬರುವುದು ಇದರಿಂದಲೇ. ಪೇಂಟು ಅರ್ಥ್ ಅನ್ನು ಮುಚ್ಚಿಬಿಡುತ್ತದೆ. ಸ್ಕ್ರೂ ಕೂರುವ ಜಾಗವನ್ನು ಉಜ್ಜಿ ಬಿಳಿ ಲೋಹ ಕಾಣಿಸುವುದು, ಮೀಟರ್ ಬೋರ್ಡಿನಿಂದ ಚಾಸಿಗೆ ಪ್ರತ್ಯೇಕ ಅರ್ಥ್ ವೈರ್ ಎಳೆಯುವುದು ನೋಡುವವರಿಗೆ ಚಿಲ್ಲರೆ ಕೆಲಸ. ಆದರೆ ಫಿಲಮೆಂಟ್ ಬಲ್ಬಿನ ಸ್ವಭಾವ ನೋಡಿ: 12 ವೋಲ್ಟ್ ಸಿಗಬೇಕಾದಲ್ಲಿ 11 ಸಿಕ್ಕಿದರೆ ಬೆಳಕು ಹನ್ನೆರಡರಲ್ಲಿ ಒಂದು ಪಾಲಲ್ಲ, ಸುಮಾರು ಕಾಲು ಭಾಗವೇ ಕುಸಿಯುತ್ತದೆ. ಹೊಸ ಬಲ್ಬಿಗೆ ದುಡ್ಡು ಹಾಕುವ ಮೊದಲು ಮಲ್ಟಿಮೀಟರ್‌ನಲ್ಲಿ ಅರ್ಥ್ ನೋಡುವವನೇ ಬಲ್ಲವನು.

ಗಾಡಿ ಎಷ್ಟು ವೋಲ್ಟಿನದು ಎಂಬುದನ್ನೂ ಮೊದಲೇ ನೋಡಬೇಕು. ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪು 6 ವೋಲ್ಟಿನದು. ಆ ಪೀಳಿಗೆಯ ಗಾಡಿಯನ್ನು 12 ವೋಲ್ಟಿಗೆ ತಿರುಗಿಸಿದ್ದರೆ ಹಳೇ ಬಲ್ಬ್ ಹಾಕಿದ ಗಳಿಗೆಗೇ ಸುಡುತ್ತದೆ, ಪೆಟ್ರೋಲ್ ಮೀಟರೂ ಜೊತೆಗೆ ಹೋಗಬಹುದು. ಹಳೇ ಲ್ಯಾಂಡ್‌ರೋವರ್‌ನಂಥ ಬ್ರಿಟಿಷ್ ಗಾಡಿಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿಯೇ ಅರ್ಥ್. ಫಿಲಮೆಂಟ್ ಬಲ್ಬಿಗೆ ಇದರಿಂದ ತೊಂದರೆಯಿಲ್ಲ, ಎಲ್‌ಇಡಿ ಮಾತ್ರ ಉಲ್ಟಾ ಕೊಟ್ಟರೆ ಉರಿಯುವುದಿಲ್ಲ.

ಎಲ್‌ಇಡಿಯ ಮಾತು ಬಂದದ್ದರಿಂದ ಹೇಳುತ್ತೇನೆ, ಹಳೇ ಗಾಡಿಯ ಮಾಲೀಕರು ಹೆಚ್ಚಾಗಿ ಎಡವುವುದು ಇಲ್ಲೇ. ಅಂಗಡಿಯಲ್ಲಿ ಬಿಳಿ, ನೀಲಿ ಪಟ್ಟಿಗಳು ಅಗ್ಗಕ್ಕೆ ಸಿಗುತ್ತವೆ. ಡ್ಯಾಶ್‌ಬೋರ್ಡಿನ ಕೆಳಗೆ ಅಂಟಿಸಿದರೆ ಕ್ಯಾಬಿನ್ ಪೂರ್ತಿ ಝಗಮಗ. ಸುಂಟಿಕೊಪ್ಪದಂಥ ಊರಲ್ಲಿ ಇದು ಬರೀ ಅಭಿರುಚಿಯ ಪ್ರಶ್ನೆಯಲ್ಲ. ಇಲ್ಲಿನ ತೋಟಗಳಲ್ಲಿ ಕಾಡಾನೆಗಳು ಓಡಾಡುತ್ತವೆ. ಮಂಜು ಮುಸುಕಿದ ತಿರುವಿನಲ್ಲಿ ನಿಂತ ಆನೆಯ ಮೈ ಹೆಡ್‌ಲೈಟಿಗೆ ಹೊಳೆಯುವುದಿಲ್ಲ, ಅದನ್ನು ಗುರುತಿಸಬೇಕಾದದ್ದು ಕತ್ತಲಿಗೆ ಹೊಂದಿಕೊಂಡ ಕಣ್ಣು. ಕಣ್ಣು ಪೂರಾ ಹಾಗೆ ಹೊಂದಿಕೊಳ್ಳಲು ಅರ್ಧ ಗಂಟೆ ಬೇಕು, ನೀಲಿ ಮಿಶ್ರಿತ ಬಿಳಿ ಬೆಳಕು ಅದನ್ನು ಕೆಲವೇ ಕ್ಷಣಗಳಲ್ಲಿ ಕೆಡಿಸುತ್ತದೆ. ಕತ್ತಲಲ್ಲಿ ಕೆಲಸ ಮಾಡುವ ಕಣ್ಣಿನ ಕೋಶಗಳಿಗೆ ಕೆಂಪು ಬೆಳಕಿನ ಬಾಧೆ ತೀರಾ ಕಡಿಮೆ. ಕ್ಯಾಬಿನ್ ಬೆಳಗಿದಷ್ಟೂ ಮುಂದಿನ ಗಾಜಿನಲ್ಲಿ ಅದರ ಪ್ರತಿಬಿಂಬವೂ ಮೂಡುತ್ತದೆ. ಮೀಟರಿನ ಮುಳ್ಳು ಓದಿಸುವಷ್ಟೇ ಬೆಳಕು, ಅದಕ್ಕಿಂತ ಒಂದು ಗುಲಗಂಜಿಯೂ ಹೆಚ್ಚಲ್ಲ. ಈ ಅಳತೆ ತಿಳಿದವರು ನನ್ನ ಕಣ್ಣಿಗೆ ಈ ಕಸುಬಿನ ದೊಡ್ಡವರು.

ಆ ಅಳತೆಗೆ 2 ವಾಟ್‌ನ ಪುಟ್ಟ ಬಲ್ಬ್ ಸಾಕು. ಹಳದಿ ಛಾಯೆಯ ಮಂದ ಎಲ್‌ಇಡಿಯೂ ನಡೆಯುತ್ತದೆ. ಐದು ಬಲ್ಬ್ ಸೇರಿದರೂ 12 ವೋಲ್ಟಿನಲ್ಲಿ ಎಳೆಯುವ ಕರೆಂಟು ಒಂದು ಆಂಪಿಯರ್‌ಗಿಂತ ಕಡಿಮೆ. ಹೀಗಾಗಿ ದಪ್ಪ ವೈರ್ ಬೇಡ, ಆದರೆ ಫ್ಯೂಸ್ ಬೇಕೇ ಬೇಕು. ಪಾರ್ಕ್ ಲೈಟಿನ ಸ್ವಿಚ್ಚಿನಿಂದ ಲೈನ್ ತೆಗೆದರೆ ಹೆಡ್‌ಲೈಟ್ ಹಾಕಿದಾಗ ಮೀಟರೂ ತಾನಾಗಿ ಬೆಳಗುತ್ತದೆ. ತಗಡಿನ ತೂತಿನಲ್ಲಿ ವೈರ್ ಹಾಯಿಸುವಾಗ ರಬ್ಬರ್ ಬುಷ್ ಹಾಕದಿದ್ದರೆ ತೋಟದ ದಾರಿಯ ಕುಲುಕಾಟಕ್ಕೆ ಅದು ಸವೆದು ಶಾರ್ಟ್ ಆಗುತ್ತದೆ.

ಮುಟ್ಟಬಾರದ ಎರಡು ಸಂಗತಿಗಳಿವೆ. ಡೈನಮೊ ತೆಗೆದು ಆಲ್ಟರ್ನೇಟರ್ ಕೂರಿಸಿದ ಗಾಡಿಗಳಲ್ಲಿ ಚಾರ್ಜಿಂಗ್ ಸೂಚಿಸುವ ಕೆಂಪು ದೀಪ ಬರೀ ಸೂಚನೆಯ ದೀಪವಲ್ಲ. ಎಷ್ಟೋ ಆಲ್ಟರ್ನೇಟರ್‌ಗಳಲ್ಲಿ ಆ ಬಲ್ಬಿನ ಮೂಲಕ ಹಾಯುವ ಕರೆಂಟೇ ಚಾರ್ಜಿಂಗ್ ಶುರುಮಾಡಿಸುವುದು. ಅಲ್ಲಿ ಎಲ್‌ಇಡಿ ಹಾಕಿದರೆ ಬ್ಯಾಟರಿ ಚಾರ್ಜ್ ಆಗದೆ ಉಳಿಯಬಹುದು. ಇನ್ನೊಂದು, ಯುದ್ಧಕಾಲದ ಮಿಲಿಟರಿ ಮೀಟರುಗಳದು. ಅಂಥ ಕೆಲವು ಮೀಟರುಗಳ ಅಂಕಿಗಳಿಗೆ ರೇಡಿಯಂ ಬೆರೆಸಿದ ಬಣ್ಣ ಬಳಿದಿರುತ್ತಿದ್ದರು. ಹೊಳಪು ಎಂದೋ ಆರಿದ್ದರೂ ವಿಕಿರಣ ಆರಿಲ್ಲ, ರೇಡಿಯಂನ ಅರ್ಧಾಯುಷ್ಯವೇ 1,600 ವರ್ಷ. ಅಂಥ ಮೀಟರನ್ನು ಬಿಚ್ಚಿ ಕೆರೆಯಬಾರದು.

ಕಾನೂನಿನ ಹೆದರಿಕೆ ಇಟ್ಟುಕೊಂಡವರಿಗೆ ಒಂದು ಮಾತು. 50 ವರ್ಷ ದಾಟಿದ ಗಾಡಿಗಳಿಗೆ ಕೇಂದ್ರ ಸರ್ಕಾರ 2021ರಲ್ಲಿ ‘ವಿಎ’ ಅಕ್ಷರಗಳ ಪ್ರತ್ಯೇಕ ನೋಂದಣಿ ತಂದಿದೆ. ಚಾಸಿ, ಬಾಡಿ, ಎಂಜಿನ್ ಮೂಲರೂಪದಲ್ಲಿರಬೇಕೆಂಬುದು ಅದರ ಷರತ್ತು. ಹಳೇ ಹೋಲ್ಡರಿಗೆ ಹೊಸ ಬಲ್ಬ್ ಹಾಕುವುದು ಇದಕ್ಕೆ ಅಡ್ಡಿಯಲ್ಲ. ಆದರೆ ಆ ನೋಂದಣಿ ಪಡೆದ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಕಾಫಿ ಹೊರುವ ಪಿಕಪ್ಪಿನ ಮಾಲೀಕರು ಅರ್ಜಿ ಹಾಕುವ ಮೊದಲು ಇದನ್ನು ಯೋಚಿಸಬೇಕು.

ಕೆಲಸ ಮುಗಿದ ಮೇಲೆ ಗಾಡಿಯನ್ನು ರಾತ್ರಿ ಹೊತ್ತು ಬೀದಿದೀಪವಿಲ್ಲದ ತೋಟದ ದಾರಿಗೆ ಒಯ್ದು ನೋಡಬೇಕು. ಬೆಳಕು ಕಣ್ಣಿಗೆ ಹೊಡೆದರೆ ಬಲ್ಬಿನ ವಾಟ್ ಇಳಿಸಬೇಕು. ಯಾವ ಬಣ್ಣದ ವೈರ್ ಎಲ್ಲಿಂದ ಎಲ್ಲಿಗೆ ಹೋಗಿದೆ ಎಂದು ಒಂದು ಹಾಳೆಯಲ್ಲಿ ಬರೆದು, ಪ್ಲಾಸ್ಟಿಕ್ ಕವರಿನಲ್ಲಿಟ್ಟು ಆರ್‌ಸಿ ಜೊತೆಗೇ ಇಡುವಂತೆ ಎಲೆಕ್ಟ್ರಿಷಿಯನ್‌ಗೆ ಹೇಳಿ. ಮುಂದಿನ ಮಳೆಗಾಲ ಕಳೆದು ಮತ್ತೊಬ್ಬ ಆ ಬೋರ್ಡು ಬಿಚ್ಚಿದಾಗ ಅವನ ಅರ್ಧ ಕೆಲಸ ಆಗಲೇ ಆಗಿರುತ್ತದೆ.