ಹತ್ತಿ ಕಟ್ಟಿದ ಊರಿನಲ್ಲೊಂದು ನಡಿಗೆ

ದಾವಣಗೆರೆಯನ್ನು ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂದು ಓದಿಕೊಂಡು ಬೆಳೆದವರು ನಾವು. ಆ ಹೆಸರಿನ ಮೂಲ ಊರು ಈಗ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿರುವುದು ಫುಟ್‌ಬಾಲಿನಿಂದ. ಆದರೆ ಉತ್ತರ ಇಂಗ್ಲೆಂಡಿನ ಈ ನಗರವನ್ನು ಬಲ್ಲವರ ಜೊತೆ ಕಾಲ್ನಡಿಗೆಯಲ್ಲಿ ಸುತ್ತಿದರೆ, ಜಗತ್ತಿನ ಮೊದಲ ಕೈಗಾರಿಕಾ ನಗರ ಹೇಗೆ ಎದ್ದು ನಿಂತಿತು, ಯಾರ ದುಡಿಮೆಯಿಂದ ನಿಂತಿತು ಎಂಬುದು ಅರ್ಧ ದಿನದಲ್ಲಿ ಮನದಟ್ಟಾಗುತ್ತದೆ. ಕಾಲುವೆ, ರೈಲು, ಪೇಟೆ, ಗಿರಣಿ ಎಲ್ಲವೂ ಇಲ್ಲಿ ನಡೆದು ಮುಟ್ಟುವಷ್ಟು ಹತ್ತಿರ.

ನಡಿಗೆಯನ್ನು ನಡೆಸುವವರ ಎದೆಯ ಮೇಲಿನ ಬ್ಯಾಡ್ಜ್ ಗಮನಿಸಬೇಕು. ಊರಿನ ಚರಿತ್ರೆಯನ್ನು ಓದಿ, ಪರೀಕ್ಷೆ ಬರೆದು, ಬೀದಿಯಲ್ಲೇ ನಿಂತು ವಿವರಿಸಿ ಪಾಸಾದವರಿಗೆ ಹಸಿರು ಅಥವಾ ನೀಲಿ ಬ್ಯಾಡ್ಜ್ ಸಿಗುತ್ತದೆ. ಗೋಡೆಯ ಇಟ್ಟಿಗೆ ನೋಡಿ ಇದು ಗಿರಣಿಯೋ ಗೋದಾಮೋ ಎಂದು ಹೇಳಬಲ್ಲವರು ಇವರು.

ಶುರು ಮಾಡಲು ಕ್ಯಾಸಲ್‌ಫೀಲ್ಡ್‌ಗಿಂತ ಒಳ್ಳೆಯ ಜಾಗವಿಲ್ಲ. ಬ್ರಿಜ್‌ವಾಟರ್ ಎಂಬ ಡ್ಯೂಕ್ ತನ್ನ ವರ್ಸ್ಲಿ ಗಣಿಗಳ ಕಲ್ಲಿದ್ದಲನ್ನು ಮ್ಯಾಂಚೆಸ್ಟರಿಗೆ ಸಾಗಿಸಲು ತೋಡಿಸಿದ ಕಾಲುವೆ ಬಂದು ಮುಗಿಯುವುದು ಇಲ್ಲಿ. 1761ರಲ್ಲಿ ಅದರಲ್ಲಿ ದೋಣಿಗಳು ಓಡತೊಡಗಿದ ಮೇಲೆ ಊರಿನಲ್ಲಿ ಕಲ್ಲಿದ್ದಲಿನ ಬೆಲೆ ಅರ್ಧಕ್ಕೆ ಇಳಿಯಿತು. ಅಗ್ಗದ ಕಲ್ಲಿದ್ದಲು ಎಂದರೆ ಅಗ್ಗದ ಉಗಿಶಕ್ತಿ. ನಾಲ್ಕು ಹೆಜ್ಜೆ ಮುಂದೆ ಹೋದರೆ ಲಿವರ್‌ಪೂಲ್ ರೋಡ್ ನಿಲ್ದಾಣ. ಉಗಿಬಂಡಿಗಳನ್ನೇ ನಂಬಿ ಎರಡು ದೊಡ್ಡ ಊರುಗಳನ್ನು ಜೋಡಿಸಿದ ಮೊದಲ ರೈಲುಮಾರ್ಗ 1830ರ ಸೆಪ್ಟೆಂಬರ್ 15ರಂದು ಇಲ್ಲಿ ತೆರೆಯಿತು. ಲಿವರ್‌ಪೂಲ್ ಬಂದರಿನಲ್ಲಿ ಇಳಿದ ಹತ್ತಿಯ ಅಂಡಿಗೆಗಳು ಇಲ್ಲಿನ ಗೋದಾಮಿಗೆ ಬರುತ್ತಿದ್ದವು. ಆ ಗೋದಾಮು ಇಂದಿಗೂ ನಿಂತಿದೆ.

ಅಲ್ಲಿಂದ ಪೀಟರ್ಲೂ ಸ್ಮಾರಕಕ್ಕೆ. 1819ರ ಆಗಸ್ಟ್ 16ರಂದು ಮತದಾನದ ಹಕ್ಕು ಕೇಳಲು ಸುಮಾರು 60,000 ಜನ ಸೇಂಟ್ ಪೀಟರ್ಸ್ ಬಯಲಿನಲ್ಲಿ ಸೇರಿದ್ದರು. ಸುತ್ತಲ ಹಳ್ಳಿಗಳ ನೇಕಾರರು ಹಬ್ಬದ ಬಟ್ಟೆ ತೊಟ್ಟು, ಹೆಂಡತಿ ಮಕ್ಕಳನ್ನು ಕರೆದುಕೊಂಡು, ನಡೆದೇ ಬಂದಿದ್ದರು. ಕುದುರೆ ಸವಾರರು ಕತ್ತಿ ಹಿರಿದು ನುಗ್ಗಿದಾಗ 18 ಜನ ಸತ್ತರು, ನೂರಾರು ಮಂದಿ ಗಾಯಗೊಂಡರು. ದುರಂತಕ್ಕೆ 200 ವರ್ಷ ತುಂಬಿದ 2019ರಲ್ಲಿ ಕಟ್ಟಿದ ವೃತ್ತಾಕಾರದ ಮೆಟ್ಟಿಲುಗಳ ಮೇಲೆ, ಸತ್ತವರ ಹೆಸರುಗಳ ಜೊತೆಗೆ ಜನ ನಡೆದು ಬಂದ ಊರುಗಳ ಹೆಸರುಗಳೂ ಇವೆ. ಎಲ್ಲರೂ ಹತ್ತಿ ನಿಲ್ಲಲೆಂದೇ ಮಾಡಿದ ಸ್ಮಾರಕವನ್ನು ಗಾಲಿಕುರ್ಚಿಯವರು ಹತ್ತಲಾಗದು ಎಂಬ ದೂರು ಇದೆ. ಆ ದೂರು ನ್ಯಾಯವಾದದ್ದು.

ಕನ್ನಡಿಗರು ಹೆಚ್ಚು ಹೊತ್ತು ನಿಲ್ಲಬೇಕಾದ ಜಾಗ ಮಾತ್ರ ಲಿಂಕನ್ ಚೌಕ. ಅಮೆರಿಕದ ಅಧ್ಯಕ್ಷ ಲಿಂಕನ್ನನ ಪ್ರತಿಮೆ ಇಲ್ಲೇಕೆ? 1861ರಲ್ಲಿ ಅಲ್ಲಿ ಅಂತರ್ಯುದ್ಧ ಹೊತ್ತಿಕೊಂಡಿತು. ದಕ್ಷಿಣದ ಬಂದರುಗಳಿಗೆ ಉತ್ತರದವರು ದಿಗ್ಬಂಧನ ಹಾಕಿದರು. ಗುಲಾಮರು ಬೆಳೆದ ಹತ್ತಿ ಬರುವುದು ನಿಂತು, ಮ್ಯಾಂಚೆಸ್ಟರಿನ ಸುತ್ತಲ ಲ್ಯಾಂಕಷೈರ್ ಸೀಮೆಯ ಗಿರಣಿಗಳು ಮುಚ್ಚಿದವು, ಲಕ್ಷಾಂತರ ಕಾರ್ಮಿಕರ ಒಲೆ ಆರಿತು. ಆದರೂ 1862ರ ಡಿಸೆಂಬರ್ 31ರಂದು ಫ್ರೀ ಟ್ರೇಡ್ ಹಾಲಿನಲ್ಲಿ ಸೇರಿದ ದುಡಿಯುವ ಜನ ಗುಲಾಮಗಿರಿಯ ವಿರುದ್ಧ ಲಿಂಕನ್ನನಿಗೆ ಬೆಂಬಲದ ಪತ್ರ ಬರೆದರು. ಮುಂದಿನ ತಿಂಗಳು ಅವನು ಕೃತಜ್ಞತೆಯಿಂದ ಉತ್ತರಿಸಿದ. ಎಲ್ಲರೂ ಹಾಗಿರಲಿಲ್ಲ; ಲಿವರ್‌ಪೂಲಿನ ವರ್ತಕರಲ್ಲಿ ದಕ್ಷಿಣದ ಪರ ಇದ್ದವರು ಬಹಳ. ಹಸಿದವರೇ ನ್ಯಾಯದ ಕಡೆ ನಿಂತದ್ದು ನನಗೆ ದೊಡ್ಡದಾಗಿ ಕಾಣುತ್ತದೆ.

ಮಾರ್ಗದರ್ಶಿಯ ಕಥೆ ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತದೆ. ಮುಂದಿನದು ನಮ್ಮ ಕಥೆ. ಅಮೆರಿಕದ ಹತ್ತಿ ನಿಂತಾಗ ಮ್ಯಾಂಚೆಸ್ಟರಿನ ವರ್ತಕರು ಕಣ್ಣಿಟ್ಟದ್ದರಲ್ಲಿ ಧಾರವಾಡ ಸೀಮೆಯ ಎರೆಹೊಲಗಳೂ ಇದ್ದವು. ನ್ಯೂ ಆರ್ಲಿಯನ್ಸ್ ತಳಿಯ ಬೀಜ 1840ರ ದಶಕದಲ್ಲೇ ಅಲ್ಲಿ ಬೇರೂರಿ, ‘ಧಾರವಾಡ-ಅಮೆರಿಕನ್’ ಎಂದು ಹೆಸರಾಗಿತ್ತು. ಆ ಹತ್ತಿಯನ್ನು ಘಟ್ಟ ಇಳಿಸಿ ಹಡಗಿಗೆ ಹೇರಲು ಕಾರವಾರದ ಬಳಿ ಬಂದರು ಬೇಕೆಂದು ಅವರು ಸರ್ಕಾರದ ಬೆನ್ನು ಹತ್ತಿದರು. ಉತ್ತರ ಕನ್ನಡ 1862ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದರ ಹಿಂದೆ ಈ ಹತ್ತಿಯ ಒತ್ತಡವೂ ಇತ್ತು. ಬೆಲೆ ಗಗನಕ್ಕೇರಿ ರೈತರ ಕೈಯಲ್ಲಿ ದುಡ್ಡು ಆಡಿತು. 1865ರಲ್ಲಿ ಯುದ್ಧ ಮುಗಿದದ್ದೇ ಬೆಲೆ ಕುಸಿಯಿತು. ಪ್ರತಿಮೆಯ ಮುಂದೆ ನಿಂತಾಗ ಈ ಮಾತನ್ನು ನಾವೇ ಎತ್ತಬೇಕು. ಕೂಡಿದ ಗುಂಪು ಖಂಡಿತ ಕಿವಿಗೊಡುತ್ತದೆ.

ಹತ್ತಿರದ ರಾಯಲ್ ಎಕ್ಸ್‌ಚೇಂಜ್ ಒಂದು ಕಾಲದಲ್ಲಿ ಜಗತ್ತಿನ ಹತ್ತಿ ವ್ಯಾಪಾರದ ಹೃದಯ. 1968ರಲ್ಲಿ ವಹಿವಾಟು ನಿಂತಿತು. ಕೊನೆಯ ದಿನದ ದರಗಳು ಗೋಡೆಯ ಮೇಲಿನ ಫಲಕದಲ್ಲಿ ಇನ್ನೂ ಇವೆ. ಈಗ ಆ ಸಭಾಂಗಣದೊಳಗೆ ರಂಗಮಂದಿರ. ಚೆಥಮ್ಸ್ ಗ್ರಂಥಾಲಯ 1653ರದು. ಅದರ ಕಿಟಕಿಯ ಬಳಿಯ ಮೇಜಿನಲ್ಲಿ 1845ರ ಬೇಸಿಗೆಯಲ್ಲಿ ಮಾರ್ಕ್ಸ್ ಮತ್ತು ಎಂಗೆಲ್ಸ್ ಕೂತು ಓದಿದ್ದರು. ಗಿರಣಿ ಮಾಲೀಕನ ಮಗನಾದ ಎಂಗೆಲ್ಸ್‌ಗೆ ಕಾರ್ಮಿಕರ ಕೇರಿಗಳನ್ನು ಸುತ್ತಾಡಿಸಿ ತೋರಿಸಿದವಳು ಐರಿಷ್ ಮೂಲದ ದುಡಿಯುವ ಹೆಣ್ಣು ಮೇರಿ ಬರ್ನ್ಸ್ ಎನ್ನುತ್ತಾರೆ. ಅವಳು ಜೊತೆಗಿರದಿದ್ದರೆ ಆ ಕೇರಿಗಳ ಒಳಗಿನ ಬದುಕು ಅವನಿಗೆ ಅಷ್ಟು ಸುಲಭವಾಗಿ ತೆರೆದುಕೊಳ್ಳುತ್ತಿರಲಿಲ್ಲ.

ನಡಿಗೆ ಆಯ್ದುಕೊಳ್ಳುವಾಗ ಗಿರಣಿಗಳ ಕೇರಿಯಾದ ಆಂಕೋಟ್ಸ್ ಸೇರಿದೆಯೇ ಎಂದು ಮೊದಲೇ ಕೇಳಿಕೊಳ್ಳಿ. ನಡುಪೇಟೆಯಲ್ಲೇ ಮುಗಿಯುವ ನಡಿಗೆಯಲ್ಲಿ ವರ್ತಕರು ಸಿಗುತ್ತಾರೆ, ಕೆಲಸಗಾರರು ಸಿಗುವುದಿಲ್ಲ. ರಾಚ್‌ಡೇಲ್ ಕಾಲುವೆಯ ದಂಡೆಯಲ್ಲಿ ಮರ್ರೆ ಸೋದರರು 1798ರಲ್ಲಿ ಕಟ್ಟಿದ ಗಿರಣಿ ಇದೆ. ಅದೀಗ ದುಬಾರಿ ಮನೆಗಳ ಸಮುಚ್ಚಯ. ಇಟ್ಟಿಗೆ ತೊಳೆದು ಫಳಫಳ ಮಾಡಿದ್ದಾರೆ. ಕಟ್ಟಡ ಉಳಿದದ್ದು ಸಂತೋಷ, ಆದರೆ ಅರಳೆಯ ದೂಳು ಮತ್ತು ಯಂತ್ರಗಳ ಗದ್ದಲವನ್ನು ಅಲ್ಲಿ ಊಹಿಸಿಕೊಳ್ಳುವುದು ಕಷ್ಟ. ಲ್ಯಾಂಕಷೈರಿನ ಮಗ್ಗದ ಶೆಡ್ಡುಗಳಲ್ಲಿ ಪಕ್ಕದವರ ಮಾತೂ ಕೇಳಿಸದೆ, ಹೆಂಗಸರು ತುಟಿಯ ಚಲನೆ ನೋಡಿಯೇ ಮಾತಾಡಿಕೊಳ್ಳುತ್ತಿದ್ದರು. ಆ ಕಾಲದ ಯಂತ್ರಗಳನ್ನು ನೋಡಬೇಕಾದರೆ ಲಿವರ್‌ಪೂಲ್ ರೋಡ್ ನಿಲ್ದಾಣದಲ್ಲಿರುವ ವಿಜ್ಞಾನ ಮತ್ತು ಕೈಗಾರಿಕಾ ವಸ್ತುಸಂಗ್ರಹಾಲಯಕ್ಕೆ ಹೋಗಬೇಕು. ಪ್ರವೇಶಕ್ಕೆ ದುಡ್ಡು ಕೊಡಬೇಕಿಲ್ಲ. ನಡಿಗೆಗೆ ಮೊದಲೇ ಅಲ್ಲಿ ಒಂದು ಗಂಟೆ ಕಳೆದರೆ ಆಂಕೋಟ್ಸ್ ಬೇರೆಯೇ ಆಗಿ ಕಾಣುತ್ತದೆ.