ಕಡಲತೀರದ ಹೋಟೆಲು ಕಾಲೇಜಾದ ಬಗೆ

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಉದಯಿಸುವವರೆಗೂ ಹಿಂದೂಪುರ, ಕಲ್ಯಾಣದುರ್ಗಗಳ ನಮ್ಮ ಹಿರಿಯರಿಗೆ ರಾಜಧಾನಿ ಮದರಾಸೇ ಆಗಿತ್ತು. ಅನಂತಪುರ, ಬಳ್ಳಾರಿಗಳಂತೆ ಕಾಸರಗೋಡನ್ನು ಒಳಗೊಂಡಿದ್ದ ದಕ್ಷಿಣ ಕನ್ನಡ ಜಿಲ್ಲೆಯೂ ಆ ಪ್ರಾಂತ್ಯದ ಭಾಗವಾಗಿತ್ತು. ಆ ನಗರದ ಕಡಲತೀರದಲ್ಲಿದ್ದ ಹಳೆಯ ಹೋಟೆಲೊಂದರ ಚರಿತ್ರೆ, ಹೆಣ್ಣುಮಕ್ಕಳನ್ನು ಓದಿಸುತ್ತಿರುವ ಮನೆಗಳಿಗೆ ಪರಿಚಯವಿರಬೇಕಾದದ್ದು.

ಹೋಟೆಲಿನ ಹೆಸರು ಕ್ಯಾಪರ್ ಹೌಸ್. ಈಸ್ಟ್ ಇಂಡಿಯಾ ಕಂಪನಿಯ ಸೈನ್ಯಾಧಿಕಾರಿ ಕರ್ನಲ್ ಫ್ರಾನ್ಸಿಸ್ ಕ್ಯಾಪರ್ ತನ್ನ ವಾಸಕ್ಕೆಂದು ಕಟ್ಟಿಸಿದ ಮನೆಯದು. ಗವರ್ನರ್ ಗ್ರಾಂಟ್ ಡಫ್ 1880ರ ದಶಕದಲ್ಲಿ ಅಲ್ಲಿ ವಿಹಾರಪಥವನ್ನು ನಿರ್ಮಿಸಿ ‘ಮರೀನಾ’ ಎಂದು ಹೆಸರಿಡುವುದಕ್ಕೆ ಬಹಳ ಮೊದಲೇ ಆ ಮನೆ ಸಮುದ್ರಕ್ಕೆ ಮುಖಮಾಡಿ ನಿಂತಿತ್ತು. ಕಾಲಾಂತರದಲ್ಲಿ ಅದು ಹೋಟೆಲಾಯಿತು.

1914ರ ಜುಲೈನಲ್ಲಿ ಸರ್ಕಾರವು ಮದರಾಸು ನಗರದ ಮೊದಲ ಮಹಿಳಾ ಕಾಲೇಜನ್ನು ಈ ಕಟ್ಟಡದಲ್ಲಿಯೇ ಆರಂಭಿಸಿತು. ಆಕ್ಸ್‌ಫರ್ಡಿನಲ್ಲಿ ಓದಿದ್ದ ಡೊರೊತಿ ಡಿ ಲಾ ಹೇ ಪ್ರಾಂಶುಪಾಲೆ. ಸೇರಿದ ವಿದ್ಯಾರ್ಥಿನಿಯರು ಕೇವಲ 37. ಮಕ್ಕಳ ಸಂಖ್ಯೆ ಸಾಲದೆಂದು ಶಾಲೆಗಳನ್ನು ವಿಲೀನಗೊಳಿಸುವ ಮಾತು ಕೇಳಿಬರುವ ಈ ದಿನಗಳಲ್ಲಿ ಆ ಅಂಕಿಯನ್ನು ಗಮನಿಸಬೇಕು. ಹೋಟೆಲು ಕಟ್ಟಡವೂ ಅನುಚಿತ ಆಯ್ಕೆಯೇನಲ್ಲ. ಪರಊರಿಗೆ ಮಗಳನ್ನು ಕಳುಹಿಸುವ ತಂದೆತಾಯಿ ಇಂದಿಗೂ ಪಾಠಕ್ಕಿಂತ ಮೊದಲು ವಿಚಾರಿಸುವುದು ವಸತಿ, ಊಟಗಳನ್ನೇ ಅಲ್ಲವೆ? 1917ರಲ್ಲಿ ಕಾಲೇಜು ‘ಕ್ವೀನ್ ಮೇರಿಸ್’ ಎಂಬ ಹೆಸರನ್ನು ಪಡೆಯಿತು. ಪೆಂಟ್ಲೆಂಡ್ ಹೌಸ್, ಸ್ಟೋನ್ ಹೌಸ್, ಜೈಪುರ ಹೌಸ್ ಮೊದಲಾದ ಕಟ್ಟಡಗಳು ಪಕ್ಕದಲ್ಲೇ ಎದ್ದವು. ತಲಶ್ಶೇರಿಯಲ್ಲಿ ಜನಿಸಿದ ಪ್ರಸಿದ್ಧ ಸಸ್ಯವಿಜ್ಞಾನಿ ಇ. ಕೆ. ಜಾನಕಿ ಅಮ್ಮಾಳ್ ಇಲ್ಲಿಯೇ ಓದಿದವರು. ಡಿ ಲಾ ಹೇ 1936ರವರೆಗೆ ಕಾಲೇಜನ್ನು ನಡೆಸಿದರು.

2003ರಲ್ಲಿ ತಮಿಳುನಾಡು ಸರ್ಕಾರವು ಕಾಲೇಜನ್ನು ತೆರವುಗೊಳಿಸಿ ಆ ಸ್ಥಳದಲ್ಲಿ ಹೊಸ ಸಚಿವಾಲಯವನ್ನು ಕಟ್ಟಲು ಹೊರಟಿತು. ಕಡಲಿಗೆ ಎದುರಾದ ವಿಶಾಲ ನಿವೇಶನ; ಅದರ ಮೇಲೆ ಅಧಿಕಾರದ ಕಣ್ಣು ಬಿದ್ದುದರಲ್ಲಿ ಆಶ್ಚರ್ಯವಿಲ್ಲ. ಆದರೆ ವಿದ್ಯಾರ್ಥಿನಿಯರು ಆವರಣದಲ್ಲೇ ಧರಣಿ ಕುಳಿತರು. ವಿರೋಧ ಪಕ್ಷಗಳೂ ಬೆಂಬಲಕ್ಕೆ ಬಂದವು. ಕಾಲೇಜಿನೊಳಗೆ ಹೋಗಿ ಅವರನ್ನು ಕಂಡ ಎಂ. ಕೆ. ಸ್ಟಾಲಿನ್ ಬಂಧನಕ್ಕೊಳಗಾದರು. ಕೊನೆಗೆ ಸರ್ಕಾರ ಯೋಜನೆಯನ್ನು ಕೈಬಿಟ್ಟಿತು.

ಕಾಲೇಜು ಉಳಿಯಿತು, ಹೋಟೆಲು ಉಳಿಯಲಿಲ್ಲ. ಶಿಥಿಲವಾಗಿದ್ದ ಕ್ಯಾಪರ್ ಹೌಸ್ ನೆಲಸಮವಾಗಿ, ಆ ಜಾಗದಲ್ಲಿ ‘ಕಲೈಞರ್ ಮಾಳಿಗೈ’ ಎಂಬ ಹೊಸ ಕಟ್ಟಡ ಎದ್ದಿದೆ. ಅದರಲ್ಲಿ ಈಗಲೂ ತರಗತಿಗಳು ನಡೆಯುತ್ತವೆ.